ಕಣ್ಣು ಮಿಟುಕಿದರೆ ಜೀವ

ಕಸಾಯಿಖಾನೆಯಲ್ಲಿ ಒಂದು ಮಾತಿತ್ತು: ಕಾಲನ್ನು ನಂಬಬೇಡ, ಕಣ್ಣನ್ನು ನಂಬು. ಹಣೆಗೆ ಮೊಳೆ ಬಿದ್ದ ಎತ್ತು ನೆಲಕ್ಕುರುಳಿದ ಮೇಲೂ ಕಾಲು ಝಾಡಿಸುತ್ತದೆ. ಹೊಸಬನಾದರೆ ಹೆದರಿ ಗೋಡೆ ಹತ್ತುತ್ತಾನೆ. ಹಳಬ ಹಾಗಲ್ಲ. ಬಗ್ಗಿ, ಬೆರಳ ತುದಿಯನ್ನು ಅದರ ಕಣ್ಣಗುಡ್ಡೆಗೆ ಮೆಲ್ಲಗೆ ತಾಗಿಸುತ್ತಾನೆ. ರೆಪ್ಪೆ ಮಿಟುಕಿದರೆ ಒಳಗೆ ಇನ್ನೂ ಯಾರೋ ಇದ್ದಾರೆ, ಇನ್ನೊಂದು ಮೊಳೆ ಬೇಕು. ಮಿಟುಕದಿದ್ದರೆ ಮನೆ ಖಾಲಿ. ಆಮೇಲೆ ಕಾಲು ಎಷ್ಟು ಬೇಕಾದರೂ ಕುಣಿಯಲಿ, ಅದು ಬರೀ ನರದ ಕುಣಿತ.

ಮೊಳೆಯಣ್ಣ ಹಳಬರಲ್ಲಿ ಹಳಬ. ಹಣೆಗೆ ಮೊಳೆ ಹೊಡೆಯುವ ಪಿಸ್ತೂಲನ್ನು ಹಿಡಿದಷ್ಟು ಹೊತ್ತು ಈ ಮನುಷ್ಯ ನನ್ನ ಕೈ ಹಿಡಿದಿಲ್ಲ ಎಂದು ಅವನ ಹೆಂಡತಿ ಬಂದವರೆದುರಿಗೆಲ್ಲ ಹೇಳಿ ನಗುತ್ತಿದ್ದಳು. ಕೆಲಸದಲ್ಲಿ ಅವನ ಜೋಡಿ ಗಂಟಲಪ್ಪ. ಮೊಳೆ ಬಿದ್ದ ದನದ ಗಂಟಲು ಕೊಯ್ದು ರಕ್ತ ಬಸಿಯುವುದು ಅವನ ಪಾಲಿನ ಕೆಲಸ, ಹೆಸರೂ ಹಾಗೇ ಅಂಟಿಕೊಂಡಿತು. ಇಬ್ಬರ ನಡುವೆ ಇದ್ದದ್ದು ಒಂದೇ ಮಾತು: "ಆಯ್ತು." ಮೊಳೆಯಣ್ಣ ಕಣ್ಣು ಮುಟ್ಟಿ ಹಾಗೆ ಹೇಳುವ ತನಕ ಗಂಟಲಪ್ಪನ ಚೂರಿ ಮೇಲೇಳುತ್ತಿರಲಿಲ್ಲ, ಹೇಳಿದ ಮೇಲೆ ತಡೆಯುತ್ತಿರಲಿಲ್ಲ. ಯಾಕೆ, ಏನು ಎಂದು ಒಂದು ದಿನವೂ ಕೇಳಿದವನಲ್ಲ. ಗಂಡಹೆಂಡಿರ ನಡುವೆಯೂ ಅಂಥ ನಂಬಿಕೆ ಸಿಗುವುದು ಕಷ್ಟ ಬಿಡಿ.

ಮೊದಲು ಎದ್ದವನು ಉಪ್ಪಿನ ತಾತ. ಚರ್ಮಕ್ಕೆ ಉಪ್ಪು ಸವರುವ ಮುದುಕ. ಕಸದ ಗುಂಡಿಯ ಹತ್ತಿರ ಯಾವುದೋ ನಾಯಿ ಅವನ ಮೀನಖಂಡಕ್ಕೆ ಬಾಯಿ ಹಾಕಿತ್ತು. "ಇಂಥ ನಾಯಿಗಳನ್ನ ಎಷ್ಟು ನೋಡಿಲ್ಲ" ಎಂದು ಗಾಯಕ್ಕೂ ಒಂದು ಹಿಡಿ ಉಪ್ಪು ಉಜ್ಜಿಕೊಂಡು ಸುಮ್ಮನಾಗಿದ್ದ. ಜ್ವರ ಬಂತು, ನಾಲಗೆ ಬಿತ್ತು, ಒಂದು ಮಧ್ಯಾಹ್ನ ಚರ್ಮದ ರಾಶಿಯ ಮೇಲೆ ತಣ್ಣಗೆ ಮಲಗಿಬಿಟ್ಟ. ಕೈ ಹಿಡಿದರೆ ನಾಡಿ ಇಲ್ಲ, ಮೂಗಿಗೆ ಕನ್ನಡಿ ಹಿಡಿದರೆ ಮಂಜು ಕಾಣಿಸಲಿಲ್ಲ. ಗೋಣಿ ಹೊದಿಸಿ, ಮನೆಯವರಿಗೆ ಹೇಳಿ ಕಳಿಸಿ, ಎಲ್ಲರೂ ಅಂಗಳದಲ್ಲಿ ಟೀ ಕುಡಿಯುತ್ತ ಕೂತಿದ್ದಾಗ ಮುದುಕ ಗೋಣಿ ಎಸೆದು ಹೊರಗೆ ಬಂದ.

ತೂಕದ ಗುಮಾಸ್ತ "ಅರೆ ತಾತ!" ಎಂದು ನಗುತ್ತ ಎದ್ದು ಹೋದ. ಮುದುಕ ಅವನ ಕೆನ್ನೆಗೆ ಹಲ್ಲು ಹಾಕಿ ಮಾಂಸ ಕಿತ್ತ. ದವಡೆಯ ಎಲುಬು ಬೆಳ್ಳಗೆ ಕಾಣಿಸಿತು. ಬಿಡಿಸಲು ಹೋದವನೊಬ್ಬನ ಎರಡು ಬೆರಳು ಕಟಕ್ಕೆಂದವು. ಮೊಳೆಯಣ್ಣ ದನ ಎಳೆಯುವ ಕೊಕ್ಕೆಯನ್ನು ಮುದುಕನ ಹೆಗಲಿಗೆ ಸಿಕ್ಕಿಸಿ ಕಂಬಿಗೆ ಅದುಮಿದ. ಕೊಕ್ಕೆ ಮಾಂಸದೊಳಗೆ ಇಳಿದರೂ ಮುದುಕ ಅತ್ತ ನೋಡಲಿಲ್ಲ, ಹಲ್ಲು ಮಸೆಯುತ್ತ ಮುಂದಕ್ಕೇ ಜಗ್ಗಿದ. ಆಗ ಮೊಳೆಯಣ್ಣನ ಕೈ ಅಭ್ಯಾಸಬಲದಿಂದ ತಾನಾಗಿಯೇ ಮೇಲೆದ್ದು ಕಣ್ಣಿಗೆ ಹೋಯಿತು. ಬೆರಳು ಗುಡ್ಡೆಗೆ ತಾಗಿತು. ರೆಪ್ಪೆ ಅಲುಗಲಿಲ್ಲ.

"ಆಯ್ತು" ಅಂದ. ಗಂಟಲಪ್ಪ ಕೊಯ್ದ.

ಊರಿನ ಬಾಯಿಗೆ ಬೀಗ ಹಾಕುವವರು ಯಾರು? ಸಂಜೆಯೊಳಗೆ ಸುದ್ದಿ ಎಲ್ಲ ಕಡೆ ಹಬ್ಬಿತು: ಸತ್ತವರು ಏಳುತ್ತಿದ್ದಾರೆ, ಎದ್ದವರು ಕಚ್ಚುತ್ತಾರೆ. ಕೆನ್ನೆ ಹೋದ ಗುಮಾಸ್ತನೂ ಸತ್ತ, ಎದ್ದ. ಅವನ ತಾಯಿ, ಓಣಿಯ ಕ್ಷೌರಿಕ, ಬಸ್ಸಿನ ಕಂಡಕ್ಟರು, ಒಬ್ಬರ ಹಿಂದೆ ಒಬ್ಬರು. ಪೊಲೀಸರು ಕಾಲಿಗೆ ಗುಂಡು ಹೊಡೆದು ಹೊಡೆದು ಸುಸ್ತಾದರು, ಬಿದ್ದವರು ತೆವಳಿಕೊಂಡೇ ಕಚ್ಚಲು ಬಂದರು. ಕೊನೆಗೆ ನಗರಸಭೆಯವರೇ ಡಂಗುರ ಸಾರಿಸಿದರು: ಎದ್ದವರನ್ನು ಕಟ್ಟಿ ಕಸಾಯಿಖಾನೆಗೆ ತನ್ನಿ, ಅಲ್ಲಿ ಕಂಬಿ ಇದೆ, ಸರಪಳಿ ಇದೆ, ಕೈ ಪಳಗಿದವರಿದ್ದಾರೆ. ದನ ಬರುವುದು ನಿಂತಿತು, ಅದೇ ಗೇಟಿನಲ್ಲಿ ಮಂದಿ ಬರತೊಡಗಿದರು. ಮೊದಮೊದಲು ಮೊಳೆಯಣ್ಣ ಪ್ರತಿಯೊಬ್ಬರಿಗೂ ಪಿಸ್ತೂಲು ಇಟ್ಟೇ ಮುಂದಿನ ಮಾತಾಡುತ್ತಿದ್ದ. ಆಮೇಲೆ ತೋಟಾ ಕಮ್ಮಿಯಾಯಿತು. "ಸತ್ತದ್ದಕ್ಕೆ ಮತ್ತೆ ಮೊಳೆ ಯಾಕಣ್ಣ, ದಂಡ" ಎಂದ ಗಂಟಲಪ್ಪ. ಹೌದಲ್ಲ ಅನ್ನಿಸಿತು. ಕಣ್ಣು ಮುಟ್ಟುವುದು, "ಆಯ್ತು" ಅನ್ನುವುದು, ನೇರ ಚೂರಿ. ಅಂಗಳದ ಮೋರಿ ಹಿಂದೆ ದನದ ರಕ್ತಕ್ಕೆ ಹೇಗೆ ತುಂಬುತ್ತಿತ್ತೋ ಹಾಗೇ ತುಂಬಿತು.

ಇದಕ್ಕೆಲ್ಲ ಅಡ್ಡ ನಿಂತವಳು ಒಬ್ಬಳೇ, ಅವನ ನಾದಿನಿ. ಹೆಂಡತಿಯ ತಂಗಿ, ದನದ ಡಾಕ್ಟರು. ಮಾಂಸ ಪರೀಕ್ಷೆ ಮಾಡಿ ನೇರಳೆ ಸೀಲು ಒತ್ತುವುದು ಅವಳೇ ಆದ್ದರಿಂದ ಎಲ್ಲರಿಗೂ ಅವಳು ಸೀಲಮ್ಮ. ಒಂದು ಬೆಳಿಗ್ಗೆ ಟೀ ಕೋಣೆಗೆ ನುಗ್ಗಿದವಳೇ ಕೇಳಿದಳು, "ಭಾವ, ಕೊಯ್ದಾಗ ರಕ್ತ ಸೋರುತ್ತಾ, ಚಿಮ್ಮುತ್ತಾ?"

"ಚಿಮ್ಮುತ್ತೆ."

"ಚಿಮ್ಮಿದ್ರೆ ಗುಂಡಿಗೆ ಒತ್ತುತಿದೆ ಅಂತ ತಾನೆ?"

"ಮೊಳೆ ಬಿದ್ದ ಎತ್ತಿಂದೂ ಚಿಮ್ಮುತ್ತೆ ಡಾಕ್ಟರಮ್ಮ" ಅಂದ ಮೊಳೆಯಣ್ಣ. "ಮನೆಯವ್ರು ಹೋದ್ರೂ ನಲ್ಲಿ ಒಂದ್ಸ್ವಲ್ಪ ಹೊತ್ತು ಹರಿಯುತ್ತೆ."

"ಹೌದೌದು. ಆ ಎತ್ತು ಎದ್ದು ನಿಮ್ಮನ್ನ ಗೇಟಿನ ತನಕ ಅಟ್ಟಿಸ್ಕೊಂಡು ಬಂದಿದ್ಯಾ? ಕೋಲ್ಡ್ ರೂಮಲ್ಲಿ ತೂಗುಹಾಕಿದ್ದು ಮಾರನೇ ದಿನಕ್ಕೆ ಕಟ್ಟಿಗೆ ಥರ ಸೆಟೆದು ಹೋಗಿರುತ್ತೆ. ಸತ್ತ ಮಾಂಸಕ್ಕೆ ಕುಗ್ಗೋದು ಹಿಗ್ಗೋದು ಗೊತ್ತಿಲ್ಲ ಭಾವ. ನಡೀಬೇಕು ಅಂದ್ರೆ ಉಸಿರು ಬೇಕು, ರಕ್ತ ಬೇಕು, ಸಕ್ಕರೆ ಬೇಕು. ಹೆಣ ನಡೆಯಲ್ಲ. ನಡೆದದ್ದು ಹೆಣ ಅಲ್ಲ. ಇಷ್ಟೇ ವಿಷಯ."

"ಹಾಗಾದ್ರೆ ಇದೇನು ಮತ್ತೆ, ದೆವ್ವನಾ?"

"ಕಾಯಿಲೆ. ಹುಚ್ಚುನಾಯಿ ರೋಗದ ಅಕ್ಕನೋ ತಂಗಿನೋ. ಈ ಕ್ರಿಮಿಗೆ ಕೈಕಾಲಿಲ್ಲ, ಹಲ್ಲಿಲ್ಲ. ಅದಕ್ಕೇ ನಮ್ಮದನ್ನ ಎರವಲು ತಗೊಳ್ಳುತ್ತೆ. ಜೊಲ್ಲಲ್ಲಿ ಕೂತ್ಕೊಂಡು, ಮೆದುಳಿನ ಸಿಟ್ಟಿನ ಜಾಗಕ್ಕೆ ಕಡ್ಡಿ ಗೀರುತ್ತೆ. ನಡುವೆ ಮೈ ತಣ್ಣಗಾಗುತ್ತೆ, ಉಸಿರು ಕನ್ನಡಿಗೂ ಕಾಣದಷ್ಟು ಸಣ್ಣಗಾಗುತ್ತೆ, ನಾಡಿ ಕೈಗೆ ಸಿಗಲ್ಲ. ಎದೆಗೆ ಮಿಷನ್ನು ಹಚ್ಚಿದ್ರೆ ಸಿಗುತ್ತೆ. ನಾನು ಹಚ್ಚಿ ನೋಡಿದೀನಿ."

"ಕಣ್ಣು ಮಿಟುಕಲ್ಲವಲ್ಲ."

ಅವಳು ಹಣೆ ಚಚ್ಚಿಕೊಂಡಳು. "ರೆಪ್ಪೆ ಮುಚ್ಚೋ ನರ ಬಿದ್ದುಹೋಗಿರುತ್ತೆ! ಬೆರಳು ತಾಗಿದ್ದು ಅವರಿಗೆ ಗೊತ್ತಾಗುತ್ತೆ, ರೆಪ್ಪೆ ಮಾತು ಕೇಳಲ್ಲ. ಬಾಗಿಲು ತೆಗೆಯೋಕೆ ಆಗ್ಲಿಲ್ಲ ಅಂದ ಮಾತ್ರಕ್ಕೆ ಮನೇಲಿ ಯಾರೂ ಇಲ್ಲ ಅಂತೀರಾ? ನಾಲ್ಕು ದಿನ ಒಬ್ಬರನ್ನಾದ್ರೂ ಕಟ್ಟಿಹಾಕಿ, ನೀರು ಕೊಟ್ಟು ನೋಡೋಣ."

ಮೂಲೆಯಲ್ಲಿ ಕೂತಿದ್ದ ಗಂಟಲಪ್ಪ ಚೂರಿ ಮಸೆಯುವುದನ್ನು ನಿಲ್ಲಿಸಿದ. "ಡಾಕ್ಟರಮ್ಮ, ನೀವು ಹೇಳಿದ್ದೇ ನಿಜ ಆದ್ರೆ ನಾವಿಬ್ರೂ ಏನು ಮಾಡಿದ ಹಾಗಾಯ್ತು?" ಎಂದು ಕೇಳಿದ. ಅಲ್ಲಿಗೆ ಆ ಮಾತು ಮುಗಿಯಿತು. ಕೆಲವು ಸತ್ಯಗಳು ಹೀಗೇ ನೋಡಿ, ಒಪ್ಪಿಕೊಂಡರೆ ಹಿಂದಿನದಕ್ಕೆಲ್ಲ ಲೆಕ್ಕ ಕೊಡಬೇಕಾಗುತ್ತದೆ. ಮೊಳೆಯಣ್ಣ ಟೀ ಲೋಟ ತೊಳೆದಿಟ್ಟು ಗೇಟಿಗೆ ಹೋದ.

ಗಂಟಲಪ್ಪನಿಗೆ ಇದ್ದವಳು ಒಬ್ಬಳು ಮಗಳು. ತಾಯಿ ಇಲ್ಲದ ಕೂಸನ್ನು ಮೊಳೆಯಣ್ಣನ ಹೆಂಡತಿಯೇ ಉಣಿಸಿ, ಜಡೆ ಹೆಣೆದು ದೊಡ್ಡವಳನ್ನಾಗಿ ಮಾಡಿದ್ದಳು. ಹುಡುಗಿ ಬೇಕರಿಯಲ್ಲಿ ಕೆಲಸ ಮಾಡುತ್ತಿದ್ದಳು. ಸಂಜೆ ಉಳಿದ ಬನ್ನು ತಂದು, "ದೊಡ್ಡಪ್ಪ, ಕೈ ತೊಳ್ಕೊಂಡ್ರಾ? ಸೋಪು ಹಾಕಿ?" ಎಂದು ಗದರಿಸಿಯೇ ಕೊಡುತ್ತಿದ್ದಳು. ಮಗಳಿಲ್ಲದ ಮೊಳೆಯಣ್ಣ ಆ ಗದರಿಕೆಗಾಗಿಯೇ ಎಷ್ಟೋ ಸಲ ಬೇಕೆಂದೇ ಕೈ ತೊಳೆಯದೆ ಕೂತಿರುತ್ತಿದ್ದ.

ಅವಳನ್ನು ಒಂದು ಮಧ್ಯಾಹ್ನ ತಳ್ಳುಗಾಡಿಯಲ್ಲಿ ತಂದರು. ತಲೆಗೆ ಹಿಟ್ಟಿನ ಚೀಲ ಹಾಕಿ, ಕೈಕಾಲಿಗೆ ಹಗ್ಗ ಬಿಗಿದಿದ್ದರು. ಬೇಕರಿಯ ಮಾಲೀಕ ಗೇಟಿನ ಹೊರಗೇ ನಿಂತು ಅಳುತ್ತಿದ್ದ. ಊಟದ ಡಬ್ಬಿ ಕೊಡಲು ಬಂದಿದ್ದ ಮೊಳೆಯಣ್ಣನ ಹೆಂಡತಿ ಬಳೆಯ ಗುರುತು ಹಿಡಿದಳು. "ಅಯ್ಯೋ ನನ್ನ ಕಂದಾ! ಉಸಿರು ಕಟ್ಟುತ್ತೆ ಕಣ್ರೋ, ಚೀಲ ತೆಗೀರಿ!" ಎಂದು ಓಡಿದಳು. ಹಿಡಿಯುವವರು ಹಿಡಿಯುವಷ್ಟರಲ್ಲಿ ಚೀಲ ಎಳೆದಾಗಿತ್ತು. ಹುಡುಗಿ ತಲೆ ತಿರುಗಿಸಿ ಅವಳ ಮುಂಗೈಗೆ ಹಲ್ಲಿಳಿಸಿ, ಒಂದು ಸಲ ಒದರಿ, ಚರ್ಮವನ್ನು ಸುಲಿದೇ ಬಿಟ್ಟಳು. ನಾಲ್ಕು ಜನ ಸೇರಿ ಹುಡುಗಿಯನ್ನು ಎಳೆದು ಕಂಬಿಗೆ ಒತ್ತಿದರು. ಅವಳು ಎಷ್ಟು ಜಗ್ಗಿದಳೆಂದರೆ ಭುಜದ ಕೀಲು ತಪ್ಪಿದ ಸದ್ದು ಎಲ್ಲರಿಗೂ ಕೇಳಿಸಿತು.

ಗಂಟಲಪ್ಪ ಚೂರಿ ಹಿಡಿದು ಪಕ್ಕಕ್ಕೆ ಬಂದ. ಇನ್ನೊಬ್ಬ ಕೈ ಚಾಚಿದರೆ, "ಬೇರೆ ಯಾರೂ ಮುಟ್ಟೋದು ಬೇಡ" ಅಂದ. ಆಮೇಲೆ ಮೊಳೆಯಣ್ಣನ ಕಡೆ ನೋಡಿ, "ಸರಿಯಾಗಿ ನೋಡಣ್ಣ. ನಿನ್ನ ದಮ್ಮಯ್ಯ, ಸರಿಯಾಗಿ ನೋಡು" ಅಂದ.

ಮೊಳೆಯಣ್ಣ ನೋಡಿದ. ರೆಪ್ಪೆಗೂದಲ ತುಂಬ ಮೈದಾ ಹಿಟ್ಟು. ಬೆರಳು ತಾಗಿಸಿದ, ಹಿಟ್ಟು ಅಂಟಿತು, ರೆಪ್ಪೆ ಅಲುಗಲಿಲ್ಲ. ಇನ್ನೊಮ್ಮೆ ತಾಗಿಸಿದ. ಇಲ್ಲ. ಎರಡೂ ಕಣ್ಣಿಂದ ನೀರಿಳಿದು ಕೆನ್ನೆಯ ಹಿಟ್ಟಿನಲ್ಲಿ ಗೆರೆ ಮೂಡಿತು. ಹಿಟ್ಟು ಬಿದ್ದ ಕಣ್ಣು, ನೀರು ಬಾರದೆ ಇರುತ್ತದೆಯೇ ಅಂದುಕೊಂಡ. ಸೀಲಮ್ಮನ ಮಾತು ಮನಸ್ಸಿಗೆ ಬರಲಿಲ್ಲವೆಂದರೆ ಸುಳ್ಳಾದೀತು. ಬಂತು. ಬಂದದ್ದನ್ನು ಅವನು ಹೊರಗೆ ತಳ್ಳಿದ.

"ಆಯ್ತು."

ಗಂಟಲಪ್ಪ ಮಗಳ ತಲೆಯನ್ನು ಎಡಗೈಯಿಂದ ತಬ್ಬಿ, ದನಕ್ಕೆ ಎಷ್ಟು ಶುದ್ಧವಾಗಿ ಕೊಯ್ಯುತ್ತಿದ್ದನೋ ಅಷ್ಟೇ ಶುದ್ಧವಾಗಿ ಒಂದೇ ಎಳೆತಕ್ಕೆ ಕೊಯ್ದ. ರಕ್ತ ಅವನ ಎದೆಗೆ, ಬಾಯಿಗೆ ಹೊಡೆಯಿತು. ಅದು ನಿಲ್ಲುವ ತನಕ ಅವನು ತಬ್ಬಿದ ಕೈ ಬಿಡಲಿಲ್ಲ.

ಮುಂದಿನದು ಎಲ್ಲರಿಗೂ ಗೊತ್ತಿದ್ದದ್ದೇ. ಮೊಳೆಯಣ್ಣನ ಹೆಂಡತಿಗೆ ಜ್ವರ ಬಂತು. ಕಸಾಯಿಖಾನೆಯ ಹಿಂದಿನ ಎರಡು ಕೋಣೆಯ ಮನೆಯಲ್ಲಿ, ಕಟ್ಟು ಹಾಕಿದ ಕೈಯಲ್ಲೇ ಬಟ್ಟೆ ಮಡಚುತ್ತ ಅವಳು ಗಂಡನಿಗೆ ಹೇಳಿದಳು, "ರೀ, ನನ್ನ ಕಣ್ಣು ಮುಟ್ಟೋ ಮುಂಚೆ ಕೈ ತೊಳ್ಕೊಳ್ಳಿ. ಅವಳು ಹೇಳ್ತಿದ್ಲಲ್ಲ, ಸೋಪು ಹಾಕಿ." ನಗಿಸಲು ಹೇಳಿದ ಮಾತು. ಇಬ್ಬರೂ ಅತ್ತರು. ಮಾರನೇ ದಿನ ಅವಳ ನಾಲಗೆ ಬಿತ್ತು, ಮಧ್ಯಾಹ್ನದ ಹೊತ್ತಿಗೆ ಮೈ ತಣ್ಣಗಾಯಿತು. ಗಂಟಲಪ್ಪ ಸರಪಳಿ ತಂದು ಹೊಸ್ತಿಲಲ್ಲಿ ಕೂತ. ಮಗಳು ಹೋದಾಗಿನಿಂದ ಅವನಿಗೆ ಮಾತು ಬೇಡವಾಗಿತ್ತು, ಕೆಲಸ ಮಾತ್ರ ಬೇಕಾಗಿತ್ತು.

ಬಿಸಿಲಿಳಿಯುವ ಮುಂಚೆ ಅವಳು ಎದ್ದಳು. ಮಂಚದ ಕಾಲು ಮುರಿಯಿತು, ಗೋಡೆಯ ಕನ್ನಡಿ ಪುಡಿಯಾಯಿತು. ಒಡೆದ ಗಾಜಿನ ಮೇಲೆ ಬರಿಗಾಲಲ್ಲಿ ಓಡಿಬಂದು ಗಂಡನ ಕತ್ತಿಗೇ ಬಾಯಿ ಹಾಕಿದಳು. ಅವನು ಉಕ್ಕಿನ ಕೈಗವಸು ತೊಟ್ಟ ಕೈಯನ್ನು ಅಡ್ಡ ಕೊಟ್ಟ. ಅವಳು ಅದನ್ನೇ ಕಚ್ಚಿದಳು, ಮುಂದಿನ ಹಲ್ಲು ಮುರಿದು ಅವನ ಮುಖಕ್ಕೆ ಸಿಡಿಯಿತು. ಇಬ್ಬರೂ ಸೇರಿ ಅವಳನ್ನು ಕಿಟಕಿಯ ಸರಳಿಗೆ ಸರಪಳಿಯಿಂದ ಬಿಗಿದರು. ಗಂಟಲಪ್ಪ ಚೂರಿ ತೆಗೆದು, ಮುಖ ಗೋಡೆಗೆ ತಿರುಗಿಸಿ ನಿಂತ. ಅತ್ತಿಗೆಯ ಕೈಯ ಅನ್ನ ಉಂಡವನಿಗೆ ನೋಡಲಾಗಲಿಲ್ಲ.

ಮೊಳೆಯಣ್ಣ ಕೈಗವಸು ಕಳಚಿದ. ಬೆರಳನ್ನು ಅವಳ ಕಣ್ಣಗುಡ್ಡೆಗೆ ತಾಗಿಸಿದ. ರೆಪ್ಪೆ ಕಲ್ಲಿನ ಹಾಗೆ ನಿಂತಿತ್ತು. ಎಡಗಣ್ಣು, ಬಲಗಣ್ಣು, ಮತ್ತೆ ಎಡಗಣ್ಣು. ಇಷ್ಟು ವರ್ಷದ ವಿದ್ಯೆ ಹೇಳಿತು, ಮನೆ ಖಾಲಿ.

"ಆಯ್ತಾ ಅಣ್ಣ?" ಗಂಟಲಪ್ಪ ಗೋಡೆಗೇ ಕೇಳಿದ.

"ಇಲ್ಲ" ಅಂದ ಮೊಳೆಯಣ್ಣ. "ಮಿಟುಕಿದಳು."

ಗಂಟಲಪ್ಪನ ಕೈಯಿಂದ ಚೂರಿ ಜಾರಿತು. "ಅಬ್ಬಾ! ಅತ್ತಿಗೆ ಇದಾರೆ! ಇದಾರಲ್ಲಪ್ಪ!" ಎಂದು ಅಲ್ಲೇ ಕುಸಿದು ಕೂತು, ಮಗಳಿಗೂ ಸುರಿಸದ ಕಣ್ಣೀರನ್ನೆಲ್ಲ ಸುರಿಸಿದ. ನಿಜವೇ ಎಂದು ತಿರುಗಿಯೂ ನೋಡಲಿಲ್ಲ. ಮೊಳೆಯಣ್ಣನ ಬೆರಳು ಸುಳ್ಳು ಹೇಳಿದ್ದನ್ನು ಅವನು ಯಾವತ್ತೂ ಕಂಡಿರಲಿಲ್ಲ.

ಅವಳನ್ನು ಕಾಯಿಲೆ ದನಗಳ ಕೊಟ್ಟಿಗೆಗೆ ಸಾಗಿಸಿದರು. ಅದು ಅಂಗಳಕ್ಕೇ ಮುಖಮಾಡಿತ್ತು, ಮುಂದೆ ಕಬ್ಬಿಣದ ಕಂಬಿ. ಸೀಲಮ್ಮ ಬಂದು ಅಕ್ಕನ ಎದೆಗೆ ಮಿಷನ್ನು ಹಚ್ಚಿ, ಭಾವನ ಮುಖ ನೋಡಿದಳು. "ನಿಜವಾಗ್ಲೂ ಮಿಟುಕಿದ್ಲಾ?" ಎಂದು ಕೇಳಿದವಳೇ, "ಬೇಡ, ಹೇಳ್ಬೇಡಿ" ಅಂದಳು. ಕರುವಿಗೆ ಹಾಲು ಕುಡಿಸುವ ಕೊಳವೆಯನ್ನು ಮೂಗಿನಿಂದ ಇಳಿಸಿದಳು, ಸಲೈನು ಏರಿಸಿದಳು. ಮುಚ್ಚದ ಕಣ್ಣು ಒಣಗಿ ಕುರುಡಾಗದಿರಲೆಂದು ಮುಲಾಮು ಹಚ್ಚುತ್ತಿದ್ದಳು. ಪ್ರತಿ ಸಲವೂ ಅದೊಂದು ಯುದ್ಧ. ಹೆಂಡತಿ ತಲೆಯನ್ನು ಕಂಬಿಗೆ ಗುದ್ದಿ ಗುದ್ದಿ ಹಣೆ ಸೀಳಿಕೊಂಡಳು. ಒಂದು ದಿನ ಮೊಳೆಯಣ್ಣನ ಕಿವಿಯ ಹಾಲೆ ಅವಳ ಬಾಯಿಗೆ ಸಿಕ್ಕಿ, ಅರ್ಧ ಅಲ್ಲೇ ಉಳಿಯಿತು. ಸೀಲಮ್ಮ ಆ ಗಾಯವನ್ನು ಸುಡುಸುಡು ಔಷಧಿಯಿಂದ ಉಜ್ಜಿ, ಅವನ ತೋಳಿಗೂ ಹೊಟ್ಟೆಗೂ ಸೂಜಿ ಚುಚ್ಚಿದಳು. "ಹುಚ್ಚುನಾಯಿ ಕಚ್ಚಿದ್ರೆ ಹಾಕೋದೇ. ಅಕ್ಕನಿಗೆ ಕಚ್ಚಿದಾಗ ಊರಲ್ಲೆಲ್ಲೂ ಸಿಗ್ಲಿಲ್ಲ. ತಕ್ಷಣ ಹಾಕಿದ್ರೆ ಹಿಡಿಯುತ್ತೇನೋ, ನೋಡೋಣ. ಬದುಕಿದ್ರೆ ನಿಮ್ಮ ಅದೃಷ್ಟ" ಅಂದಳು.

ಗೇಟಿನ ಗಂಟೆ ಮಾತ್ರ ನಿಲ್ಲಲಿಲ್ಲ.

"ಭಾವ, ಎಲ್ಲರಿಗೂ ಮಿಟುಕಿತು ಅನ್ನಿ" ಎಂದು ಸೀಲಮ್ಮ ಕೈ ಮುಗಿದಳು. "ಕೊಟ್ಟಿಗೆ ತುಂಬ ಜಾಗ ಇದೆ. ಒಂದು ಮಾತು ಸಾಕು."

"ಎಲ್ಲರೂ ಮಿಟುಕಿದ್ರೆ ಗಂಟಲಪ್ಪ ಏನು ಕೇಳ್ತಾನೆ ಗೊತ್ತಾ?"

"ಕೇಳ್ಲಿ!"

"ಕೇಳಿದ್ರೆ ಇವಳನ್ನೂ ಬಿಡಲ್ಲ" ಅಂದ ಮೊಳೆಯಣ್ಣ. ಅದು ಅರ್ಧ ನಿಜ. ಉಳಿದರ್ಧವನ್ನು ಅವನು ತನಗೂ ಹೇಳಿಕೊಳ್ಳಲಿಲ್ಲ. ಥೂ, ಮನುಷ್ಯನ ಹೆದರಿಕೆಗೆ ಏನೆನ್ನಬೇಕು! ತನ್ನದೊಂದು ಉಳಿಯಲೆಂದು, ಬಾಯಿಗೆ ಬಂದ ಸುಳ್ಳು ಬಯಲಾಗದಿರಲೆಂದು, ಅವನು ದಿನವೂ ಅದೇ ಅಂಗಳಕ್ಕೆ ಹೋಗಿ ಕಣ್ಣು ಮುಟ್ಟಿದ, ಹೇಳಿದ. ಮಗ್ಗದವನಿಗೆ "ಆಯ್ತು." ಶಾಲೆಯ ಟೀಚರಿಗೆ "ಆಯ್ತು." ಈಗ ಅವನಿಗೆ ಗೊತ್ತಿತ್ತು. ಮೊದಲು ಗೊತ್ತಿಲ್ಲದೆ ಮಾಡಿದ್ದನ್ನು ಈಗ ಗೊತ್ತಿದ್ದೇ ಮಾಡಿದ. ಕಂಬಿಯ ಹಿಂದೆ ಅವನ ಹೆಂಡತಿಯ ಮುಚ್ಚದ ಕಣ್ಣುಗಳು ಅಂಗಳದ ಕಡೆಗೇ ಇದ್ದವು.

ಒಂದು ಮಧ್ಯಾಹ್ನ ಅವನು ಕೊಟ್ಟಿಗೆಗೆ ಬಂದಾಗ ಅವಳ ಕಣ್ಣು ಮುಚ್ಚಿದ್ದವು. ಮೈಯೆಲ್ಲ ಸಡಿಲ, ಸರಪಳಿಗೆ ಜೋತುಬಿದ್ದಿದ್ದಳು. ಹೋದಳು ಅಂದುಕೊಂಡ. ರೆಪ್ಪೆ ಎತ್ತಿ ಬೆರಳು ತಾಗಿಸಿದ.

ರೆಪ್ಪೆ ಪಟ್ಟನೆ ಮುಚ್ಚಿತು.

"ಕೈ... ತೊಳ್ದಿಲ್ಲ... ನೀವು" ಅಂದಳು. ಮುರಿದ ಹಲ್ಲಿನ ಸಂದಿಯಲ್ಲಿ ಮಾತು ಗಾಳಿಯ ಹಾಗೆ ಬಂತು.

ಅವನು ಗೋಳೋ ಎಂದು ಅತ್ತ. ಲೋಟದಲ್ಲಿ ನೀರು ತಂದು ಹನಿಹನಿಯಾಗಿ ಕುಡಿಸಿದ. ಅವಳು ಕುಡಿದಳು, ಕಣ್ಣು ಮಿಟುಕಿಸಿದಳು, ಮತ್ತೆ ಮಿಟುಕಿಸಿದಳು. ಆಮೇಲೆ ಅವನನ್ನು ನೋಡಿದಳು. ಆ ನೋಟದಲ್ಲಿ ಹೆಂಡತಿ ಇರಲಿಲ್ಲ, ಸಾಕ್ಷಿ ಇತ್ತು.

"ಎಲ್ಲಾ ಗೊತ್ತಾಗ್ತಿತ್ತು ರೀ. ಕೈಕಾಲು ನನ್ನ ಮಾತು ಕೇಳ್ತಿರ್ಲಿಲ್ಲ ಅಷ್ಟೆ. ಹಲ್ಲು ನಂದಲ್ಲ, ಸಿಟ್ಟು ನಂದಲ್ಲ. ಒಳಗೆ ನಾನಿದ್ದೆ. ಆವತ್ತು ನೀವು ಬೆರಳಿಟ್ಟಾಗ ರೆಪ್ಪೆ ಮುಚ್ಚೋಕೆ ಎಷ್ಟು ಒದ್ದಾಡಿದೆ ಗೊತ್ತಾ? ಆಗ್ಲೇ ಇಲ್ಲ. ಆದ್ರೂ ನೀವು ಮಿಟುಕಿದಳು ಅಂದ್ರಿ." ಉಸಿರೆಳೆದುಕೊಂಡಳು. "ಆಮೇಲೆ ಇಲ್ಲಿಂದ ದಿನಾ ನೋಡಿದೆ. ಕಣ್ಣು ಮುಚ್ಚೋಕಾಗ್ಲಿಲ್ಲ ನನಗೆ, ಎಲ್ಲಾ ನೋಡಿದೆ. ಅವರೂ ಒಳಗಿದ್ರು ರೀ. ನಮ್ಮ ಹುಡುಗಿನೂ ಒಳಗಿದ್ಲು."

ಹಿಂದೆ ಏನೋ ಬಿದ್ದ ಸದ್ದಾಯಿತು. ಗಂಟಲಪ್ಪ ಅತ್ತಿಗೆಗೆಂದು ದಿನವೂ ಬೇಕರಿಯಿಂದ ಬನ್ನು ತರುತ್ತಿದ್ದ, ತಿನ್ನುವವರಿಲ್ಲ ಎಂದು ಗೊತ್ತಿದ್ದೂ. ಅವನು ಬಾಗಿಲಲ್ಲಿ ನಿಂತಿದ್ದ. ಪೊಟ್ಟಣ ನೆಲದ ಮೇಲಿತ್ತು. ಎಷ್ಟು ಹೊತ್ತಿನಿಂದ ನಿಂತಿದ್ದನೆಂದು ಕೇಳುವ ಅಗತ್ಯವಿರಲಿಲ್ಲ.

"ಮಿಟುಕಿರ್ಲಿಲ್ವಾ ಅಣ್ಣ?" ಎಂದು ಕೇಳಿದ, ಸಮಾಧಾನದಿಂದಲೇ.

"ಇಲ್ಲ."

"ಸುಳ್ಳು ಹೇಳಿದ್ಯಾ?"

"ಹೂಂ."

ಗಂಟಲಪ್ಪ ಬಿದ್ದ ಪೊಟ್ಟಣ ದಾಟಿ ಒಂದು ಹೆಜ್ಜೆ ಒಳಗೆ ಬಂದ. "ಅದೇ ಸುಳ್ಳನ್ನ ನನ್ನ ಮಗಳಿಗೆ ಯಾಕೆ ಹೇಳ್ಲಿಲ್ಲ?"

ಗಂಟಲಪ್ಪ ನುಗ್ಗಿ ಬಂದ. ಒಂದೇ ಏಟಿಗೆ ಮೊಳೆಯಣ್ಣನ ಮೂಗು ಒಡೆಯಿತು, ಎರಡನೆಯದಕ್ಕೆ ಬೆನ್ನು ಕಂಬಿಗೆ ಬಡಿಯಿತು. ಎದ್ದವರನ್ನು ಒತ್ತಿ ಹಿಡಿಯುತ್ತಿದ್ದ ಹಾಗೆಯೇ ಅವನ ತಲೆಯನ್ನು ಹಿಂದಕ್ಕೆ ಒತ್ತಿ, ಸೊಂಟದ ಚೂರಿ ಎಳೆದು ಗಂಟಲಿಗೆ ಇಟ್ಟ. ಚರ್ಮ ಸೀಳಿ ರಕ್ತ ಅಂಗಿಯೊಳಗೆ ಇಳಿಯಿತು. ಹೆಂಡತಿ ಸರಪಳಿ ಜಗ್ಗಿ ಚೀರಿದಳು. ಮೊಳೆಯಣ್ಣ ಕೈ ಕೆಳಗೆ ಬಿಟ್ಟ. ಕೊಯ್ಯಲಿ ಅನ್ನಿಸಿತು, ನಿಜವಾಗಿಯೂ ಅನ್ನಿಸಿತು. "ಆಯ್ತು" ಅಂದ. "ಆಯ್ತು ಕಣೋ, ಕೊಯ್ದುಬಿಡು."

ಆ ಮಾತು ಕೇಳಿಯೂ ಚೂರಿ ಓಡದೆ ನಿಂತದ್ದು ಅದೇ ಮೊದಲು.

ಗಂಟಲಪ್ಪ ಚೂರಿಯನ್ನು ಎಡಗೈಗೆ ಬದಲಾಯಿಸಿಕೊಂಡ. ಬಲಗೈಯ ತೋರುಬೆರಳನ್ನು ಎತ್ತಿ, ಇಷ್ಟು ವರ್ಷ ನೋಡಿ ಕಲಿತಿದ್ದ ಹಾಗೆಯೇ, ಮೆಲ್ಲಗೆ ಮೊಳೆಯಣ್ಣನ ಕಣ್ಣಗುಡ್ಡೆಗೆ ತಾಗಿಸಿದ. ರೆಪ್ಪೆ ಬಡಿಯಿತು. ಇನ್ನೊಂದು ಕಣ್ಣಿಗೂ ತಾಗಿಸಿದ. ಅದೂ ಬಡಿಯಿತು.

"ಮಿಟುಕ್ತು ಕಣಣ್ಣ" ಅಂದ ಗಂಟಲಪ್ಪ. "ಒಳಗೆ ಇದೀಯ. ಇರು."

ಚೂರಿಯನ್ನು ಮೋರಿಗೆ ಎಸೆದು ಅವನು ಅಂಗಳ ದಾಟಿ ಹೊರಟುಹೋದ. ಗೇಟಿನಲ್ಲಿ ಯಾರೋ ಯಾರನ್ನೋ ಗಾಡಿಯಲ್ಲಿ ಕಟ್ಟಿ ತಂದು ಗಂಟೆ ಬಾರಿಸುತ್ತಿದ್ದರು.